ಅಂದಿನಿಂದಲೇ ಜಾರಿ

ತಪ್ಪು ಮಾಡಲು ಇಲಾಖೆಗೆ ಒಂದು ಮಧ್ಯಾಹ್ನ ಸಾಕಾಗಿತ್ತು. ಮಾಡಿದ್ದು ತಪ್ಪೋ ಅಲ್ಲವೋ ಎಂದು ನೋಡುವುದಕ್ಕೆ ಮಾತ್ರ ಒಂದು ಮಂಡಳಿ, ಮಂಡಳಿಗೆ ಮೂವರು ಸದಸ್ಯರು, ಸದಸ್ಯರಿಗೆ ಎತ್ತರದ ಬೆನ್ನಿನ ಕುರ್ಚಿಗಳು, ಕುರ್ಚಿಗಳನ್ನಿಡಲು ಎರಡನೇ ಮಹಡಿಯಲ್ಲೊಂದು ದೊಡ್ಡ ಕೋಣೆ, ಇಷ್ಟೆಲ್ಲ ಬೇಕಾಗಿತ್ತು. ಕಾಯುವವರಿಗೆ ಹೊರಗೊಂದು ಬೆಂಚು ಹಾಕಿದ್ದರು. ಅದರ ಒಂದು ಕಾಲು ಗಿಡ್ಡ.

ಹೊಲಿಗೆ ಟೀಚರ್ ಆ ಗಿಡ್ಡ ಕಾಲಿನ ಕಡೆಗೇ ಕೂತು, ಬೆಂಚು ಅಲುಗದಂತೆ ಪಾದ ಊರಿಕೊಂಡು, ಬಾಗಿಲ ಮೇಲಿನ ಫಲಕ ಓದುತ್ತಿದ್ದಳು. 'ಮಾಜಿ ಸೈನಿಕರ ಸೌಲಭ್ಯ ನಿರ್ಣಯಗಳ ಮರುಪರಿಶೀಲನಾ ಮಂಡಳಿ' ಎಂದು ಒಂದೇ ಸಾಲಿನಲ್ಲಿ ಬರೆಯಲು ಹೊರಟವನಿಗೆ ಕೊನೆಯಲ್ಲಿ ಜಾಗ ಸಾಲದೆ, 'ಳಿ' ಒಂದು ಕೆಳಗೆ ಬಿದ್ದಿತ್ತು. ಸ್ವಂತ ಹೆಸರಿಗೇ ಅಳತೆ ತೆಗೆಯಲು ಬಾರದ ಜನ ಊರವರ ಬದುಕಿಗೆ ಕತ್ತರಿ ಹಿಡಿದು ಕೂತಿದ್ದಾರೆ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಶಾಲೆಯಲ್ಲಿ ಹುಡುಗಿಯರು ತೋಳು ಉಲ್ಟಾ ಹಚ್ಚಿದರೆ ಅವಳು ಬಿಚ್ಚಿಸಿ ಮತ್ತೆ ಹಚ್ಚಿಸುತ್ತಿದ್ದಳು. ಅದಕ್ಕೆ ಮಂಡಳಿ ಕರೆಯುತ್ತಿರಲಿಲ್ಲ.

ಒಂದು ಪಕ್ಕದಲ್ಲಿ ಅವಳ ಯಜಮಾನರು, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಸೈನ್ಯದಲ್ಲಿ ಕಲಿತ ಹಾಗೆ ಬೆನ್ನು ನೆಟ್ಟಗಿಟ್ಟು ಕೂತಿದ್ದರು. ಇನ್ನೊಂದು ಪಕ್ಕದಲ್ಲಿ ಮಗಳು. ಬಂದಿದ್ದು ಮಗಳಿಗಾಗಿಯೇ. ರೈಲು ಎಂಜಿನ್ ಓಡಿಸುವ ಕೆಲಸಕ್ಕೆ ಅವಳು ಆಯ್ಕೆಯಾಗಿದ್ದಳು. ಬರೆಯುವ ಪರೀಕ್ಷೆ, ಕಣ್ಣಿನ ಪರೀಕ್ಷೆ, ಓಡುವ ಪರೀಕ್ಷೆ ಎಲ್ಲದರಲ್ಲೂ ಪಾಸು. ಸೋಮವಾರ ತರಬೇತಿ ಶುರು. ಆದರೆ ರೈಲಿನವರ ಆರೋಗ್ಯ ವಿಭಾಗ ಅವಳ ಕಡತವನ್ನು ತಡೆಹಿಡಿದಿತ್ತು. ಮನೆಯಲ್ಲಿ ಯಾರಿಗಾದರೂ ಮೂರ್ಛೆ ರೋಗವಿದೆಯೇ ಎಂದು ಕೇಳಿದ್ದಕ್ಕೆ ಈ ಸತ್ಯಸಂಧೆ, ಅಪ್ಪನಿಗಿದೆ ಎಂದು ಬರೆದು, ಪುರಾವೆಗೆ ಅಪ್ಪನ ಸೌಲಭ್ಯದ ಅರ್ಜಿಗೆ ಬಂದಿದ್ದ ಹಳೆಯ ಆದೇಶದ ಪ್ರತಿಯನ್ನೂ ಜೋಡಿಸಿ ಕೊಟ್ಟಿದ್ದಳು. ಅದರಲ್ಲಿ ಇಲಾಖೆ ದಪ್ಪ ಅಕ್ಷರದಲ್ಲಿ 'ವಂಶಪಾರಂಪರ್ಯವಾಗಿ ಬಂದದ್ದು' ಎಂದು ಹೇಳಿತ್ತು. ಫಿಟ್ಸ್ ಬರುವ ವಂಶದವಳ ಕೈಗೆ ರೈಲು ಕೊಡುವವರು ಯಾರು? ಆ ಮಾತು ಆದೇಶದಿಂದ ಹೋಗಬೇಕು, ಇಲ್ಲವೇ ಮಗಳ ಜಾಗ ಮುಂದಿನವರಿಗೆ ಹೋಗುತ್ತದೆ. ಇವತ್ತು ಶುಕ್ರವಾರ.

ಯಜಮಾನರಿಗೆ ಫಿಟ್ಸ್ ಬಂದ ಕಥೆ ಊರಿಗೇ ಗೊತ್ತು. ಗಡಿಯಲ್ಲಿ ಮದ್ದುಗುಂಡಿನ ಲಾರಿ ಸಿಡಿದಾಗ ಅವರು ಹಾರಿ ಹೋಗಿ ಗೋಡೆಗೆ ಬಡಿದಿದ್ದರು. ಬಿದ್ದು ಒದ್ದಾಡುವುದು ಶುರುವಾದದ್ದು ಅದಾದ ಮೇಲೆ. ಸೇವೆಯಲ್ಲಿ ಬಂದ ಕಾಯಿಲೆ ಎಂದು ಅರ್ಜಿ ಹಾಕಿದರೆ, ಇಲಾಖೆಯ ಅಧಿಕಾರಿ ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಳ್ಳುತ್ತ, "ನಿಮ್ಮ ಮನೇಲಿ ಇನ್ಯಾರಾದ್ರೂ ಬೀಳ್ತಿದ್ರಾ?" ಎಂದು ಕೇಳಿದ್ದ. ಯಜಮಾನರದು ಸುಳ್ಳು ಹೇಳಿ ಗೊತ್ತಿಲ್ಲದ ನಾಲಿಗೆ. "ಚಿಕ್ಕಪ್ಪ ಬೀಳ್ತಿದ್ದ ಸಾರ್" ಅಂದಿದ್ದರು. ಅಲ್ಲಿಗೆ ವಂಶದ ಹಣೆಬರಹ ಬರೆದು ಮುಗಿಯಿತು. ಅಧಿಕಾರಿ ಮುಂದಿನವನನ್ನು ಕರೆದ.

ದಫೇದಾರ ಬಾಗಿಲು ತೆರೆದು ಇವರನ್ನು ಒಳಗೆ ಬಿಟ್ಟ.

ನಡುವಿನ ಕುರ್ಚಿಯಲ್ಲಿ ಅಧ್ಯಕ್ಷರು. ಎಡಕ್ಕೆ ಇಲಾಖೆಯ ಹಿರಿಯ ಅಧಿಕಾರಿಣಿ. ಬಲಕ್ಕೆ ಸೈನ್ಯದಲ್ಲಿ ವೈದ್ಯರಾಗಿದ್ದು ನಿವೃತ್ತರಾದ ಡಾಕ್ಟರು, ಬಿಳಿ ಮೀಸೆ ತಿರುವಿಕೊಂಡು ಕೂತವರು. ಎದುರಿಗೆ ಇಲಾಖೆಯ ಪರವಾಗಿ ಒಬ್ಬ ಎಳೆ ವಕೀಲ. ತಲೆಗೆ ಅವನು ಬಳಿದ ಎಣ್ಣೆಯಲ್ಲಿ ಟೀಚರಿನ ಹೊಲಿಗೆ ಮೆಷೀನು ಒಂದು ವರ್ಷ ಓಡುತ್ತಿತ್ತು. ಮೂಲೆಯಲ್ಲಿ ಟೈಪಿಸ್ಟ್ ಹುಡುಗಿ.

"ನೋಡಮ್ಮ," ಎಂದು ಅಧ್ಯಕ್ಷರು ಶುರುಮಾಡಿದರು. "ಈ ಮಂಡಳಿ ಇರೋದು ಹಳೇ ಕೇಸನ್ನ ಮತ್ತೆ ಮೊದಲಿಂದ ನೋಡೋಕಲ್ಲ. ಹಳೇ ಆದೇಶದಲ್ಲಿ ಕಾನೂನಿನ ಸ್ಪಷ್ಟ ತಪ್ಪಿದ್ರೆ ಮಾತ್ರ ತಿದ್ದೋಕೆ. ಸ್ಪಷ್ಟ ಅಂದ್ರೆ, ನೋಡಿದ ಯಾರೂ ಎರಡು ಮಾತು ಆಡಬಾರದು. ಅಂಥದ್ದು."

"ಅಂಥದ್ದೇ ಸಾರ್," ಎಂದಳು ಟೀಚರ್.

ವಕೀಲ ಎದ್ದು ಕೋಟಿನ ಗುಂಡಿ ಹಾಕಿಕೊಂಡ. "ಮಾನ್ಯರೆ, ತಮ್ಮ ಚಿಕ್ಕಪ್ಪ ಬೀಳ್ತಿದ್ರು ಅಂತ ಅರ್ಜಿದಾರರೇ ಅವತ್ತು ಒಪ್ಪಿಕೊಂಡಿದ್ದಾರೆ."

"ಬೀಳ್ತಿದ್ದಿದ್ದು ನಿಜ," ಎಂದಳು ಟೀಚರ್. "ಸಂಜೆ ಬೀಳ್ತಿದ್ರು, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗ್ತಿದ್ರು. ಬಾಟ್ಲಿ ಸಿಗದ ದಿನ ನೆಟ್ಟಗೇ ನಡೀತಿದ್ರು. ಅದೂ ಮೂರ್ಛೆ ರೋಗ ಅಂತಾದ್ರೆ ಈ ಊರಲ್ಲಿ ಅರ್ಧ ಗಂಡಸರಿಗೆ ಇದೆ."

ಟೈಪಿಸ್ಟ್ ಹುಡುಗಿ ಮುಖವನ್ನು ಮೆಷೀನಿನ ಹಿಂದೆ ಮರೆಸಿಕೊಂಡಳು. ವಕೀಲ ಮಾತ್ರ ನಗಲಿಲ್ಲ. ನಗುವುದು ಅವನ ಪಠ್ಯದಲ್ಲಿ ಇದ್ದಂತಿರಲಿಲ್ಲ. "ಅದು ಸಾಕ್ಷ್ಯ ತೂಗೋ ವಿಚಾರ. ಅವತ್ತಿನ ಅಧಿಕಾರಿ ಒಂದು ಥರ ತೂಗಿದ್ರು, ಇವರು ಇನ್ನೊಂದು ಥರ ತೂಗ್ತಾರೆ. ಅದು ಅಭಿಪ್ರಾಯ ಭೇದ ಆಗತ್ತೆ, ತಪ್ಪು ಆಗಲ್ಲ."

ಎಂಥ ಸೊಗಸಾದ ಮಾತು. ಬೇರೆಯವರು ಮಾಡಿದರೆ ತಪ್ಪು, ಇಲಾಖೆ ಮಾಡಿದರೆ ಅಭಿಪ್ರಾಯ. ಟೀಚರ್ ಹಲ್ಲು ಕಡಿದುಕೊಂಡು ಚಿಕ್ಕಪ್ಪನನ್ನು ಅಲ್ಲೇ ಬಿಟ್ಟಳು.

"ಸರಿ, ಚಿಕ್ಕಪ್ಪ ಹಾಳಾಗಿ ಹೋಗ್ಲಿ. ನಾನು ತೂಕದ ಮಾತೇ ಆಡ್ತಿಲ್ಲ. ಅವತ್ತು ತಕ್ಕಡೀನೇ ಎತ್ಲಿಲ್ಲ ಅಂತಿದೀನಿ. ನಿಮ್ಮ ನಿಯಮ ಏನು ಹೇಳತ್ತೆ? ಸೈನ್ಯಕ್ಕೆ ಸೇರಿಸಿಕೊಳ್ಳೋವಾಗ ಪರೀಕ್ಷೆ ಮಾಡಿ, ಇಂಥ ಕಾಯಿಲೆ ಇದೆ ಅಂತ ಬರೀದೇ ಇದ್ರೆ, ಆಮೇಲೆ ಬಂದಿದ್ದು ಸೇವೇಲಿ ಬಂದಿದ್ದು ಅಂತಾನೇ ತಿಳೀಬೇಕು. ಅಲ್ಲ ಅನ್ನೋದಾದ್ರೆ ಇಲಾಖೆ ಸಾಬೀತು ಮಾಡಬೇಕು. ಸೇರೋವಾಗ ಇವರಿಗೆ ಏನೂ ಇಲ್ಲ ಅಂತ ನಿಮ್ಮ ಡಾಕ್ಟರೇ ಸಹಿ ಹಾಕಿದ್ದಾರೆ. ಆ ನಿಯಮ ಅವತ್ತೂ ಇತ್ತು. ಆದೇಶದಲ್ಲಿ ಅದರ ಹೆಸರೂ ಇಲ್ಲ."

ಅದು ಯಾರೋ ಬಚ್ಚಿಟ್ಟ ಗುಟ್ಟೇನೂ ಅಲ್ಲ. ಇಲಾಖೆಯೇ ಅಚ್ಚು ಹಾಕಿಸಿ, ಇಲಾಖೆಯೇ ಓದದೆ ಬಿಟ್ಟ ಪುಸ್ತಕದಲ್ಲಿತ್ತು. ಮಾಜಿ ಸೈನಿಕರ ಸಂಘದವರು ಪುಟ ತೆಗೆದು ಅವಳ ಕೈಗಿಟ್ಟಿದ್ದರು.

ಅವಳು ಮುಂದಿಟ್ಟ ಪುಟವನ್ನು ಅಧ್ಯಕ್ಷರು ನೋಡಿದರು, ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ನೋಡಿದರು. ಕನ್ನಡಕ ಎಷ್ಟು ಒರೆಸಿದರೂ ನಿಯಮ ಅಲ್ಲೇ ಇತ್ತು. ಅವರು ಎಡಕ್ಕೆ ತಿರುಗಿದರು. ಅಧಿಕಾರಿಣಿ, "ತಪ್ಪಾಗಿದೆ ಸಾರ್, ನೋಡಿದ್ರೆ ಗೊತ್ತಾಗತ್ತೆ," ಎಂದು ಚುಟುಕಾಗಿ ಮುಗಿಸಿದರು. ಅಧ್ಯಕ್ಷರು ಬಲಕ್ಕೆ ತಿರುಗಿದರು.

"ನನಗೆ ಸ್ಪಷ್ಟ ಆಗ್ಲಿಲ್ಲ," ಎಂದರು ಡಾಕ್ಟರು.

ಅಧ್ಯಕ್ಷರ ಮುಖ ಅರಳಿತು. ಬಿಗಿಯಾದ ಬೂಟು ಬಿಚ್ಚಿದವರ ಹಾಗೆ ಕುರ್ಚಿಗೆ ಒರಗಿ, ಟೈಪಿಸ್ಟ್ ಕಡೆಗೆ ಹೇಳತೊಡಗಿದರು: "ಬರ್ಕೋಮ್ಮ. ಮಂಡಳಿಯ ಒಬ್ಬ ಸದಸ್ಯರಿಗೆ ತಪ್ಪು ಸ್ಪಷ್ಟವಾಗಿ ಕಾಣದಿರುವುದರಿಂದ, ಸದರಿ ತಪ್ಪು ಎರಡು ಮಾತಿಲ್ಲದ ತಪ್ಪಲ್ಲ. ಆದ್ದರಿಂದ ಅರ್ಜಿಯನ್ನು..."

ಮಗಳು ಅಮ್ಮನ ಕೈ ಹಿಡಿದುಕೊಂಡಳು.

ಟೀಚರ್ ಮಾತ್ರ ಡಾಕ್ಟರನ್ನೇ ನೋಡುತ್ತಿದ್ದಳು. ಯಾರ ತುಟಿ ಅಲುಗಿದರೆ ಅವರ ಕಡೆ ಕತ್ತು ತಿರುಗಿಸಿ, ಎಲ್ಲದಕ್ಕೂ ಒಂದೇ ಅಳತೆಯಲ್ಲಿ ತಲೆಯಾಡಿಸುವ ಇಂಥ ಮುಖಗಳನ್ನು ಅವಳು ಕೊನೆಯ ಬೆಂಚಿನಲ್ಲಿ ಎಷ್ಟೋ ಕಂಡವಳು. ಪಾಠ ತಿಳಿದವರು ಹಾಗೆ ತಲೆಯಾಡಿಸುವುದಿಲ್ಲ. ಈ ಮನುಷ್ಯನಿಗೆ ಸ್ಪಷ್ಟವಾಗದಿದ್ದದ್ದು ತಪ್ಪಲ್ಲ, ಮಾತು.

"ಸಾರ್, ಇವರಿಗೆ ಕಿವಿ ಕೇಳಿಸ್ತಿಲ್ಲ," ಎಂದಳು.

"ಸದಸ್ಯರ ಬಗ್ಗೆ ಹಾಗೆಲ್ಲ ಮಾತಾಡೋ ಹಾಗಿಲ್ಲಮ್ಮ," ಎಂದು ಅಧ್ಯಕ್ಷರು ಗದರಿದರು. ಅವರಿಗೂ ಇದು ಗೊತ್ತಿದ್ದದ್ದೇ ಎಂದು ಆ ಗದರಿಕೆಯಲ್ಲೇ ತಿಳಿಯುತ್ತಿತ್ತು. ಪಕ್ಕದಲ್ಲಿ ಏನೂ ಕೇಳಿಸದ ಒಬ್ಬರಿದ್ದರೆ ಎಷ್ಟು ಅನುಕೂಲ. ಬೇಡದ ಅರ್ಜಿ ಬಂದಾಗಲೆಲ್ಲ ಅವರ ಕಡೆ ತಿರುಗಿದರೆ ಆಯಿತು.

ಆಗ ಯಜಮಾನರು ಎದ್ದು ನಿಂತರು. ಬೆಳಿಗ್ಗೆಯಿಂದ ಅವರ ಬಾಯಿಂದ ಒಂದು ಮಾತೂ ಹೊರಟಿರಲಿಲ್ಲ. ಈಗ ಹೊರಟದ್ದು ಕವಾಯತು ಮೈದಾನದ ಆಚೆ ತುದಿಗೆ ಕೇಳಿಸಲೆಂದು ಪಳಗಿಸಿದ ದನಿ.

"ಡಾಕ್ಟರ್ ಸಾರ್. ನಿಮ್ಮ ಕಿವಿ ಮಂದ ಆಗಿರೋದು ತಂದೆ ಕಡೆಯಿಂದ ಬಂದಿದ್ದಾ, ತಾಯಿ ಕಡೆಯಿಂದಾ?"

ಕಿಟಕಿ ಗಾಜು ಗುಂಯ್‌ಗುಟ್ಟಿತು. ಈ ಸಲ ಡಾಕ್ಟರಿಗೆ ಪ್ರತಿ ಅಕ್ಷರವೂ ಕೇಳಿಸಿತು. ಅವರ ಮುಖ ಕೆಂಪಾಗಿ ಮೀಸೆ ಇನ್ನಷ್ಟು ಬೆಳ್ಳಗೆ ಕಂಡಿತು.

"ಏನಯ್ಯಾ ಅಂದೆ? ನಮ್ಮ ತಂದೆ ಸಾಯೋವರೆಗೂ ಪಕ್ಕದ ಮನೆ ಪಿಸುಮಾತು ಕೇಳಿಸಿಕೊಳ್ತಿದ್ರು. ನಮ್ಮ ವಂಶದಲ್ಲಿ ಒಬ್ಬರಿಗೂ ಕಿವಿ ಕೆಟ್ಟಿಲ್ಲ. ನನ್ನನ್ನ ಸೈನ್ಯಕ್ಕೆ ತಗೊಳ್ಳೋವಾಗ ತಲೆಯಿಂದ ಕಾಲಿನವರೆಗೂ ಪರೀಕ್ಷೆ ಮಾಡಿ ತಗೊಂಡಿದ್ದಾರೆ. ಒಂದು ದೋಷ ಬರೆದಿಲ್ಲ. ಫಿರಂಗಿ ಪಕ್ಕ ಆಸ್ಪತ್ರೆ ಡೇರೆ ಹಾಕಿಸಿದ್ರು, ಅಲ್ಲಿ ಹೋಯ್ತು ಕಿವಿ. ಇದು ಸೇವೇಲಿ ಬಂದಿದ್ದು. ಅಲ್ಲ ಅನ್ನೋನು ಯಾವನಿದ್ದಾನೆ, ಸಾಬೀತು ಮಾಡ್ಲಿ."

ಅಧ್ಯಕ್ಷರು ಕಣ್ಣು ಮುಚ್ಚಿಕೊಂಡರು. ವಕೀಲ ತನ್ನ ಕೋಟಿನ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿದ. ಟೈಪಿಸ್ಟ್ ಹುಡುಗಿ ಮಾತ್ರ, ಯಾರೂ ನಿಲ್ಲಿಸು ಅನ್ನದಿದ್ದುದರಿಂದ, ಪಟಪಟನೆ ಅಷ್ಟನ್ನೂ ಬಡಿದು ಮುಗಿಸಿದಳು.

"ಸಾರ್," ಎಂದಳು ಟೀಚರ್, ಅವಳೂ ದನಿ ಏರಿಸಿ. "ನೀವೀಗ ಹೇಳಿದ್ರಲ್ಲ, ಅದೇ ನಿಯಮ. ಇವರಿಗೂ ಅದನ್ನೇ ಕೇಳ್ತಿರೋದು."

ಡಾಕ್ಟರು ಕಡತವನ್ನು ತಮ್ಮ ಕಡೆಗೆ ಎಳೆದುಕೊಂಡು, ಬೆರಳಿಟ್ಟು ಓದಿದರು. ಕಿವಿ ಹೋಗಿದ್ದರೂ ಕಣ್ಣು ಚೆನ್ನಾಗಿತ್ತು. ಲಾರಿ ಸಿಡಿದದ್ದು ಓದಿದರು, ಸೇರುವಾಗಿನ ಪರೀಕ್ಷೆ ಓದಿದರು, ಚಿಕ್ಕಪ್ಪನನ್ನೂ ಓದಿದರು. "ಇದು ತಪ್ಪೇ," ಎಂದರು. "ಯಾವ ಮುಠ್ಠಾಳ ಬರೆದಿದ್ದು ಇದನ್ನ? ಅಲ್ಲಮ್ಮ, ಇದನ್ನ ಮೊದಲೇ ಗಟ್ಟಿಯಾಗಿ ಹೇಳೋಕೆ ನಿನಗೇನಾಗಿತ್ತು?"

ಇಲ್ಲೂ ತಪ್ಪು ಇವಳದೇ ಆಯಿತು. ಟೀಚರ್ ಅದನ್ನು ಹೊಟ್ಟೆಗೆ ಹಾಕಿಕೊಂಡಳು, ಸೋಮವಾರ ಹತ್ತಿರವಿತ್ತು.

ಅಧ್ಯಕ್ಷರು ಮೊದಲಿನ ಹಾಳೆಯನ್ನು ಮೆಷೀನಿನಿಂದ ಎಳೆಸಿ ಹೊಸದು ಹಾಕಿಸಿದರು. 'ವಂಶಪಾರಂಪರ್ಯವಾಗಿ ಬಂದದ್ದು' ಎಂಬ ಮಾತನ್ನು ತೆಗೆದು, 'ಸೇವೆಯಲ್ಲಿ ಬಂದದ್ದು' ಎಂದು ತಿದ್ದಲಾಗಿದೆ. ಮೂರು ಸಹಿ, ಒಂದು ಮೊಹರು. ಮಗಳು ಹಾಳೆ ಇಸಿದುಕೊಂಡು ಎರಡು ಸಲ ಓದಿ, ಎದೆಗೆ ಒತ್ತಿಕೊಂಡಳು. ರೈಲಿನವರ ಕಚೇರಿ ಮುಚ್ಚುವುದರೊಳಗೆ ಓಡಿದರೆ ಕೊಟ್ಟು ಬರಬಹುದಿತ್ತು. ಟೀಚರಿಗೆ ಕಣ್ಣು ತುಂಬಿ ಬಂತು, ಈ ಜನರೆದುರು ಅಳುವುದಿಲ್ಲವೆಂದು ಛಾವಣಿಯ ಫ್ಯಾನನ್ನು ನೋಡಿದಳು.

ಅಷ್ಟಕ್ಕೆ ಎದ್ದು ಹೋಗಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು. ಆದರೆ ಅಧ್ಯಕ್ಷರಿಗೆ ತಮ್ಮ ದೊಡ್ಡತನ ತಲೆಗೇರಿತ್ತು. ಉಪಕಾರ ಮಾಡಿದವರ ಮಂದಹಾಸದಲ್ಲಿ ಮುಂದಕ್ಕೆ ಬಾಗಿದರು.

"ಇನ್ನೊಂದು ವಿಷಯ ತಿಳ್ಕೊಳಮ್ಮ. ಇದು ಇವತ್ತಿನಿಂದ ಜಾರಿಗೆ ಬರೋ ಆದೇಶ ಅಲ್ಲ. ಸ್ಪಷ್ಟ ತಪ್ಪನ್ನ ತಿದ್ದಿದ್ರೆ, ಅದು ಅಂದಿನಿಂದಲೇ ಜಾರಿ. ಕಾನೂನಿನ ಕಣ್ಣಲ್ಲಿ ಆ ಹಳೇ ಆದೇಶ ಹುಟ್ಟಲೇ ಇಲ್ಲ. ಆ ತಪ್ಪು ಆಗಲೇ ಇಲ್ಲ ಅಂತ ಲೆಕ್ಕ. ಖುಷೀನಾ?"

ಆ ಹಳೆಯ ಆದೇಶ ಟಪಾಲಿನಲ್ಲಿ ಬಂದಾಗ ಮಗಳು ಇನ್ನೂ ತೊದಲು ಮಾತಾಡುತ್ತಿದ್ದಳು. ಟೀಚರಿಗೆ ಇನ್ನೊಂದು ಮಗುವಿನ ಆಸೆ ಹೇಳತೀರದಷ್ಟಿತ್ತು. ಯಜಮಾನರು ಹಾಳೆಯನ್ನು ಓದಿ, ಮಡಚಿ, "ಒಂದು ಸಾಕು ಬಿಡು. ಈ ರಕ್ತ ಇನ್ನೊಂದು ಜೀವಕ್ಕೆ ಬೇಡ," ಅಂದಿದ್ದರು. ಸರ್ಕಾರದ ಮೊಹರು ಬಿದ್ದ ಮಾತನ್ನು ಅವರು ನಂಬಿದರು. ಅವಳು ಜಗಳವಾಡಿದಳು, ಅತ್ತಳು, ಮಾತು ಬಿಟ್ಟಳು. ಅವರು ಜಗ್ಗಲಿಲ್ಲ. ಮಲಗಿದ ಮಗಳ ಕೈಕಾಲು ಅದುರುತ್ತವೇನೋ ಎಂದು ವರ್ಷಗಟ್ಟಲೆ ಕಾದು ಕೂರುತ್ತಿದ್ದರು. ಆಮೇಲೆ ಇನ್ನೊಂದು ಮಗು ಕೇಳುವ ವಯಸ್ಸೂ ಟೀಚರಿಗೆ ಕಳೆದುಹೋಯಿತು. ಇದನ್ನೆಲ್ಲ ಮಗಳಿಗೆ ಯಾರೂ ಹೇಳಿರಲಿಲ್ಲ.

"ಆಗಲೇ ಇಲ್ಲ ಅಂತ ಲೆಕ್ಕ ಅಂದ್ರಲ್ಲ ಸಾರ್," ಎಂದಳು ಟೀಚರ್. ದನಿ ಏರಿರಲಿಲ್ಲ. "ಹಾಗಾದ್ರೆ ನನ್ನ ಎರಡನೇ ಮಗೂಗೆ ಈಗ ಎಷ್ಟು ವಯಸ್ಸು? ನೀವೇ ಹೇಳಿ."

ಮಗಳು ತಿರುಗಿ ಅಪ್ಪನನ್ನು ನೋಡಿದಳು. ಅಪ್ಪನ ನೆಟ್ಟಗಿನ ಬೆನ್ನು ಬಾಗಿತ್ತು. ಡಾಕ್ಟರು, "ಏನಂತೆ?" ಎಂದು ಪಕ್ಕಕ್ಕೆ ಕೇಳಿದರು, ಅಧ್ಯಕ್ಷರು ಅವರಿಗೆ ಹೇಳಲಿಲ್ಲ.

ಟೈಪಿಸ್ಟ್ ಹುಡುಗಿಯ ಬೆರಳು ಮೆಷೀನಿನ ಮೇಲೆ ನಿಂತಿತ್ತು. "ಇದನ್ನೂ ಬರ್ಕೊಳ್ಳಾ ಸಾರ್?" ಎಂದು ಕೇಳಿದಳು.

"ಬೇಡ," ಎಂದರು ಅಧ್ಯಕ್ಷರು.