ಎಡ ಭುಜದ ಹತ್ತಿ

ಮಗಳು ಕಪ್ಪು ಗೌನಿನ ತೋಳನ್ನು ಸೂಜಿಯಡಿಗೆ ತಳ್ಳಿ ಮಿಷನ್ನು ತುಳಿದಳು. ಪಕ್ಕದ ಕೋಣೆಯಲ್ಲಿ ಅಮ್ಮನ ಶವಪೆಟ್ಟಿಗೆ. ಮೂರು ಗಂಟೆಗೆ ಪಾದ್ರಿಗಳು ಬರುತ್ತಾರೆ. ಅಳು ಇನ್ನೂ ಬಂದಿರಲಿಲ್ಲ. ಕಾಲು ಮಾತ್ರ ತನ್ನ ಪಾಡಿಗೆ ತುಳಿಯುತ್ತಿತ್ತು.

"ಆಯ್ತೇನೇ?" ಬಾಗಿಲಲ್ಲಿ ಅತ್ತೆ, ಅಪ್ಪನ ಅಕ್ಕ. "ನಿಮ್ಮಮ್ಮ ನನ್ನ ಗೌನು ಬುಧವಾರ ಕೊಡ್ತೀನಿ ಅಂದಿದ್ಲು. ಬುಧವಾರ ಸತ್ತೇ ಹೋದ್ಲು. ಒಂದು ದಿನ ಮಾತು ಉಳಿಸ್ಕೊಂಡವಳಲ್ಲ. ಇರೋ ಕಪ್ಪು ಗೌನು ಹರಿದಿದೆ, ನಾನು ಮಣ್ಣಿಗೆ ಏನು ಹಾಕ್ಕೊಂಡು ಬರ್ಲಿ?"

"ಆಗ್ತಾ ಇದೆ ಅತ್ತೆ."

"ನೆಟ್ಟಗೆ ಹೊಲಿ. ಅವಳ ಥರ ಸೊಟ್ಟ ಮಾಡ್ಬೇಡ."

ಅತ್ತೆ ಆಚೆ ಹೋದಳು. ಕಿಟಕಿಯ ಹತ್ತಿರ ಕೂತಿದ್ದ ಸೋದರಮಾವ ಹಲ್ಲು ಕಡಿದ.

"ಇವಳ ಗೌನಿಗೆ ಗುಂಡಿ ಹೆಚ್ಚಿಗೆ ಹಾಕೇ. ಕುತ್ತಿಗೆ ದಾಟಿ ಬಾಯಿ ಮುಚ್ಚೋ ತನಕ."

ಮಗಳು ನಗಲಿಲ್ಲ.

"ಸೊಟ್ಟಗೈ ದರ್ಜಿ ಅಂತ ಬೀದಿಗೆಲ್ಲ ಸಾರಿದ್ಲು. ಮದುವೆ ಬಟ್ಟೆ ಹೊಲಿಯೋಳು ನನ್ನಕ್ಕ, ಕೊನೆಗೆ ಚೀಲಕ್ಕೆ ತೇಪೆ ಹಾಕೋ ಹಾಗಾಯ್ತು. ಅವಳ ಕೈ ಸೊಟ್ಟ ಅಲ್ಲ ಅಂತ ಇವತ್ತಾದ್ರೂ ಯಾರಾದ್ರೂ ಹೇಳ್ಬೇಕು. ಆದ್ರೆ ಇವಳ ಗೌನು ಯಾಕೆ ಹಾಗಾಗುತ್ತೆ ಅಂತ ನಂಗೇ ಗೊತ್ತಿಲ್ಲ."

ಮಗಳಿಗೆ ಗೊತ್ತಿತ್ತು.

*

ಅವಳಿಗಾಗ ಹದಿನಾಲ್ಕು. ಅತ್ತೆಯ ಗೌನಿನ ಭುಜಗಳಿಗೆ ಅಮ್ಮ ಒಳಗಿನಿಂದ ಹತ್ತಿ ಇಡುತ್ತಿದ್ದಳು. ಬಲಕ್ಕೆ ಒಂದು ಪದರ, ಎಡಕ್ಕೆ ನಾಲ್ಕು.

"ಹ್ಯಾಂಗರಿಗೆ ಹಾಕಿದ್ರೆ ಎಡಗಡೆ ಎದ್ದು ನಿಲ್ಲೋದು ಇದಕ್ಕೇನಾ? ಅತ್ತೆ ಬಯ್ಯೋದೂ ಇದಕ್ಕೇನಾ?"

"ಹ್ಯಾಂಗರಿಗೆ ಎರಡು ಭುಜಾನೂ ಸಮ. ಅತ್ತಿಗೆಗೆ ಇಲ್ಲ." ಅಮ್ಮ ಹಲ್ಲಿನಿಂದ ದಾರ ಕಚ್ಚಿ ಕಡಿದಳು. "ಚಿಕ್ಕವರಿದ್ದಾಗ ಮೂಳೆ ಮುರಿದು ಎಡಗಡೆ ಇಳಿದುಬಿಟ್ಟಿದೆ. ಸೊಟ್ಟಿ, ಸೊಟ್ಟಿ ಅಂತ ಹಿಂದೆ ಬೀಳ್ತಿದ್ರಂತೆ. ನಾನು ಈ ಮನೆಗೆ ಬಂದು ಹೊಲಿಯೋಕೆ ಶುರು ಮಾಡಿದ ಮೇಲೆ ಯಾರೂ ಅಂದಿಲ್ಲ. ತಾನಾಗೇ ಸರಿಹೋಯ್ತು ಅಂದ್ಕೊಂಡಿದ್ದಾರೆ."

"ಹೇಳಿಬಿಡಮ್ಮ. ನಿನ್ನ ಹೆಸರು ಕೆಡ್ತಿದೆ."

"ಸ್ವಾಮಿ ಅಷ್ಟು ದೊಡ್ಡ ಶಿಲುಬೆ ಮರ ಹೊತ್ತ. ನನ್ನ ಕೈಲಿ ಒಂದು ಹಿಡಿ ಹತ್ತಿ ಹೊರೋಕಾಗಲ್ವೇನೇ? ಬಾಯಿ ಬಿಟ್ಟೀಯ, ಜೋಕೆ."

*

ಗೌನು ಮುಗಿಯುತ್ತ ಬಂತು. ಎಡ ಭುಜವೊಂದು ಬಾಕಿ. ಅಮ್ಮ ಅದಕ್ಕೆ ನಾಲ್ಕು ಪದರ ಕತ್ತರಿಸಿ, ಗುಂಡುಸೂಜಿ ಚುಚ್ಚಿ, ಡಬ್ಬಿಯಲ್ಲಿಟ್ಟಿದ್ದಳು.

ಬಾಯಿ ಬಿಡುವ ಅಗತ್ಯವೇ ಇರಲಿಲ್ಲ. ಎಡಕ್ಕೂ ಒಂದೇ ಪದರ ಇಟ್ಟರೆ ಸಾಕು. ಸಮಾಧಿಯ ಸುತ್ತ ನಿಂತವರೆಲ್ಲ ತಾವೇ ನೋಡುತ್ತಾರೆ. ಯಾರದು ಸೊಟ್ಟ ಅಂತ ತಾವೇ ತಿಳಿಯುತ್ತಾರೆ.

ಅವಳು ಮೂರು ಪದರ ತೆಗೆದು ಪಕ್ಕಕ್ಕಿಟ್ಟಳು. ಒಂದನ್ನಿಟ್ಟು ಹೊಲಿದಳು. ಅರ್ಧ ಹೊಲಿದು ನಿಲ್ಲಿಸಿದಳು. ಪಕ್ಕದ ಕೋಣೆಯಲ್ಲಿ ಯಾರೋ ಕುರ್ಚಿ ಎಳೆದರು. ಅವಳು ಬ್ಲೇಡು ತಗೊಂಡು ಹೊಲಿಗೆ ಬಿಚ್ಚಿ, ಪಕ್ಕಕ್ಕಿಟ್ಟ ಮೂರು ಪದರ ಎತ್ತಿಕೊಂಡಳು.

ಅತ್ತೆ ಗೌನನ್ನು ಹ್ಯಾಂಗರಿಗೆ ಹಾಕಿ, ಪೆಟ್ಟಿಗೆಯ ಮುಂದೆಯೇ ಎತ್ತಿ ಹಿಡಿದಳು.

"ನೋಡಿ, ಎಲ್ಲರೂ ನೋಡಿ. ಅವಳು ಸತ್ರೂ ಅವಳ ಸೊಟ್ಟ ಸಾಯಲಿಲ್ಲ."

ಮೂಲೆಯಲ್ಲಿ ಯಾರೋ ಕಿಸಕ್ಕೆಂದರು. ಸೋದರಮಾವ ಎದ್ದು ನಿಂತ. "ನೀನಾದ್ರೂ ಏನಾದ್ರೂ ಹೇಳೇ!"

ಎಲ್ಲರೂ ಮಗಳ ಕಡೆ ತಿರುಗಿದರು.

"ನನ್ನ ಕೈಯೂ ಸರಿಯಿಲ್ಲ ಅತ್ತೆ," ಅಂದಳು. "ಹಾಕ್ಕೊಳ್ಳಿ. ಹೊತ್ತಾಯ್ತು."

ಸಮಾಧಿಯ ಹತ್ತಿರ ಪಾದ್ರಿಗಳು ಪ್ರಾರ್ಥನೆ ಮುಗಿಸಿದರು. ಒಬ್ಬೊಬ್ಬರೇ ಬಗ್ಗಿ ಮಣ್ಣು ಹಾಕಿದರು. ಅತ್ತೆಯೂ ಹಾಕಿ, ಕೈ ಕೊಡವಿ ನೆಟ್ಟಗೆ ನಿಂತಳು. ಎರಡು ಭುಜವೂ ಗೆರೆ ಎಳೆದಂತೆ ಸಮ.

ಎಡ ಭುಜದ ಮೇಲೆ ಕಪ್ಪು ದಾರದ ತುದಿಯೊಂದು ಉಳಿದುಕೊಂಡಿತ್ತು. ಮಗಳು ಹಿಂದಿನಿಂದ ಹೋಗಿ ಬಾಗಿದಳು.

"ಏನೇ ಅದು?"

"ದಾರ ಅತ್ತೆ. ಅಲ್ಲಾಡ್ಬೇಡಿ."

ಅತ್ತೆ ಅಲ್ಲಾಡದೆ ನಿಂತಳು. ಮಗಳು ಆ ಭುಜಕ್ಕೆ ಮುಖವಿಟ್ಟು, ಹಲ್ಲಿನಿಂದ ದಾರ ಕಚ್ಚಿ ಕಡಿದಳು.