ಮೂವತ್ತೇಳು ಸಾವಿರದ ಮೂವತ್ತೇಳು

ಹೆಂಡತಿ ಮಕ್ಕಳಿಗೆ ಅಂಕಿ ಹಂಚಿದ ಮಹಾನುಭಾವರು ಲೋಕದಲ್ಲಿ ಇನ್ನೊಬ್ಬರಿರಲಾರರು. ಲೆಕ್ಕದ ಮೇಷ್ಟ್ರು, ಏನು ಮಾಡುವುದು! ತಾವು ಮೂವತ್ತೇಳು, ಹೆಂಡತಿ ಹದಿಮೂರು, ಮಗ ಹನ್ನೊಂದು, ದೊಡ್ಡ ಮಗಳು ಏಳು, ಕಿರಿಯವಳು ಮೂರು, ಅಜ್ಜಿ ಎರಡು. ಎಲ್ಲವೂ ಒಡೆಯಲಾಗದ ಸಂಖ್ಯೆಗಳು. ಗುಣಿಸಿದರೆ 2,22,222. ಅದು ಮನೆಯ ಸಂಖ್ಯೆ. ಅಜ್ಜಿ ತೀರಿಕೊಂಡಾಗ ಮೇಷ್ಟ್ರು ಕಣ್ಣೊರೆಸಿಕೊಳ್ಳುತ್ತಲೇ ಎರಡರಿಂದ ಭಾಗಿಸಿದರು, 1,11,111 ಉಳಿಯಿತು. ಮಗ ಕೆಲಸಕ್ಕೆಂದು ಬೇರೆ ಊರಿಗೆ ಹೋದಾಗ ಮಾತ್ರ ಸಂಖ್ಯೆಯನ್ನು ಮುಟ್ಟಲಿಲ್ಲ. "ಎಲ್ಲಿದ್ರೂ ಅವನು ನಮ್ಮ ಲೆಕ್ಕದಲ್ಲೇ ಇರ್ತಾನೆ. ಸತ್ತವರನ್ನಷ್ಟೇ ತೆಗೆಯೋದು," ಎಂದರು.

ಅವರು ಎದೆಯ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಾಗಲೇ ಕಿರಿಯವಳು ಸ್ಕೂಟರಿನಿಂದ ಬಿದ್ದು ತೀರಿಕೊಂಡಳು. ಈಗ ಹೇಳಿದರೆ ಅವರ ಎದೆ ತಡೆಯುವುದಿಲ್ಲ ಎಂದರು ಡಾಕ್ಟರು. ಸರಿ, ಅವಳು ಕೆಲಸದ ಮೇಲೆ ದೂರ ಹೋಗಿದ್ದಾಳೆ, ಅಪ್ಪ ಮಲಗಿದ್ದಾಗಲೇ ಫೋನ್ ಮಾಡುತ್ತಾಳೆ ಎಂದು ಮನೆಯವರು ಕಥೆ ಕಟ್ಟಿದರು. ಅಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಳು. ದೊಡ್ಡವಳು ದರ್ಜಿ, ಅವಳ ಅಳು ಹೊಲಿಗೆ ಯಂತ್ರದ ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ತಂಗಿಯನ್ನು ತೆಗೆದರೆ ಉಳಿಯುವ ಆ ಹಾಳು ಸಂಖ್ಯೆ, ಬೇಡವೆಂದರೂ ಬಿಡದೆ ದಿನವಿಡೀ ತಲೆಯಲ್ಲಿ ತಿರುಗುತ್ತಿತ್ತು.

ಅಪ್ಪ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ದೊಡ್ಡವಳು ಅವರ ಮಂಚದ ಪಕ್ಕ ಕೂತು ಗಿರಾಕಿಯೊಬ್ಬರ ಕೋಟಿಗೆ ತೋಳು ಕೂಡಿಸುತ್ತಿದ್ದಳು. ಮೇಷ್ಟ್ರು ದಿಂಬಿಗೊರಗಿ, "ಮಲಗಿ ಮಲಗಿ ತಲೆ ತುಕ್ಕು ಹಿಡೀತು ಕಣೇ. ಮನೆ ಸಂಖ್ಯೆ ಹೇಳು, ಒಡೀತೀನಿ," ಎಂದರು.

"ಮೂವತ್ತೇಳು ಸಾವಿರದ ಮೂವತ್ತೇಳು," ಎಂದುಬಿಟ್ಟಳು, ಸೂಜಿಯಿಂದ ಕಣ್ಣೆತ್ತದೆ.

ಹಾಳಾದ ಬಾಯಿ! ಮೇಷ್ಟ್ರು ನಕ್ಕರು.

"ಬಟ್ಟೆ ಹೊಲ್ದೂ ಹೊಲ್ದೂ ಲೆಕ್ಕ ಮರೆತ್ಯಾ? ಅಂಕಿ ಕೂಡ್ಸು. ಮೂರು, ಏಳು, ಸೊನ್ನೆ, ಮೂರು, ಏಳು. ಇಪ್ಪತ್ತು. ಇದ್ರಲ್ಲಿ ಮೂರು ಹೋಗಲ್ಲ. ಏಳು ಹೋಗುತ್ತೆ. ಹನ್ನೊಂದು ಹೋಗುತ್ತೆ. ಹದಿಮೂರು..."

ಅಲ್ಲಿಗೆ ಮಾತು ನಿಂತಿತು. ಬಾಯಿತಪ್ಪಿ ಬಂದ ಸಂಖ್ಯೆಯಾಗಿದ್ದರೆ ಮಿಕ್ಕವೂ ಹೋಗಬಾರದಿತ್ತು. ಇಲ್ಲಿ ಎಲ್ಲರೂ ಇದ್ದರು, ಮೂರೊಂದೇ ಇರಲಿಲ್ಲ.

"ಯಾವಾಗ?" ಎಂದರು.

"ನೀವು ಆಸ್ಪತ್ರೇಲಿದ್ದಾಗ, ಅಪ್ಪಾ. ಸ್ಕೂಟರು..." ಮುಂದೆ ಹೇಳಲಾಗದೆ ಅವಳು ಅವರ ಮಂಚದ ಅಂಚಿಗೆ ಹಣೆಯಿಟ್ಟು ಬಿಕ್ಕಿದಳು. ಮೇಷ್ಟ್ರು ಅವಳ ತಲೆ ಸವರಿದರು.

"ಮೆಲ್ಲಗೆ ಅಳು. ನಂಗೆ ಗೊತ್ತಾಯ್ತು ಅಂತ ನಿಮ್ಮಮ್ಮನ ಹತ್ರ ಹೇಳ್ಬೇಡ. ನನ್ನೆದುರು ನಗಬೇಕಲ್ಲ ಅಂತಾನೇ ಅವಳು ಎದ್ದು ಓಡಾಡ್ತಿದಾಳೆ. ಅದೂ ಹೋದ್ರೆ ಮಲಗಿಬಿಡ್ತಾಳೆ."

ಅಡುಗೆಮನೆಯಿಂದ ಅಮ್ಮನ ಹೆಜ್ಜೆ ಕೇಳಿತು. ಮಗಳು ದಡಬಡನೆದ್ದು ಯಂತ್ರದ ಮುಂದೆ ಕೂತಳು. ಅಮ್ಮ ಮಾತ್ರೆ, ನೀರು ಹಿಡಿದು ಬಂದಳು. ಕಣ್ಣು ಕೆಂಪಗಿತ್ತು, ಮುಖದ ತುಂಬ ನಗು.

"ರೀ, ನೀವು ಮಲಗಿದ್ದಾಗ ಚಿಕ್ಕವಳು ಫೋನ್ ಮಾಡಿದ್ಲು. ಚೆನ್ನಾಗಿದಾಳಂತೆ."

ಮೇಷ್ಟ್ರು ಲೋಟ ತೆಗೆದುಕೊಂಡರು.

"ಹೌದಾ?" ಎಂದರು. "ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳಂತಾ?"