ಮೇಸ್ತ್ರಿ ತಿದ್ದಿದ ಬಣ್ಣ

ಹದಿನಾರು ಪುಟಗಳ ಹಾಳೆಯನ್ನು ಮುದ್ರಣಾಲಯದ ಮೇಜಿನ ಮೇಲೆ ಹರಡಿದಾಗ ಚಿತ್ರಕಾರ ಬಗ್ಗಿ ಒಂದೊಂದೇ ಚಿತ್ರ ನೋಡಿದ. ಅವನೇ ಬರೆದು, ಅವನೇ ಚಿತ್ರ ಬಿಡಿಸಿದ ಮಕ್ಕಳ ಪುಸ್ತಕ ಅದು: ಒಬ್ಬ ಅಪ್ಪ, ಅವನು ದತ್ತು ತಂದ ಮಗಳು, ಅವರಿಬ್ಬರ ಒಂದು ದಿನ. ಅಪ್ಪ ಅವನಂತೆಯೇ ತಿಳಿಗೋಧಿ ಬಣ್ಣ. ಮಗಳು, ಮನೆಯಲ್ಲಿರುವ ಅವನ ಏಳು ವರ್ಷದ ದತ್ತುಮಗಳಂತೆ ಕಡುಕಂದು. ಹಾಳೆಯ ಮೇಲಿನ ಮಗಳು ಮಾತ್ರ ಒಂದು ಪುಟವನ್ನೂ ಬಿಡದೆ ಅಪ್ಪನ ಬಣ್ಣಕ್ಕೆ ತಿರುಗಿದ್ದಳು.

"ಇದೇನ್ ಮೇಸ್ತ್ರಿ?"

"ತಿದ್ದಿದೀನಿ," ಎಂದ ಬಣ್ಣದ ಮೇಸ್ತ್ರಿ, ಕೈಗಂಟಿದ ಇಂಕನ್ನು ಚಿಂದಿಯಲ್ಲಿ ಒರೆಸುತ್ತ. "ಮೂವತ್ತು ವರ್ಷದಿಂದ ಇದೇ ಕೆಲಸ ಸಾರ್. ಅಪ್ಪ ಒಂದು ಬಣ್ಣ, ಮಗಳು ಒಂದು ಬಣ್ಣ ಬಂತು ಅಂದ್ರೆ ಎಲ್ಲೋ ಇಂಕು ಹೆಚ್ಚಾಗಿದೆ ಅಂತ್ಲೇ ಲೆಕ್ಕ. ಕಪ್ಪು ಇಳಿಸಿ ಹೊಸ ಅಚ್ಚಿನ ಪ್ಲೇಟು ಮಾಡ್ಸಿದೆ."

"ಕಥೆ ಓದಿದ್ರಾ?"

"ಓದೋಕೆ ಸಂಬಳ ಕೊಡಲ್ಲ ನನಗೆ."

"ದತ್ತು ಅಂತ ಮೊದಲನೇ ಸಾಲಲ್ಲೇ ಇದೆ. ಹಳೇ ಪ್ಲೇಟು ಹಾಕಿ."

"ಮೇಡಂ ಒಪ್ಪಿದಾರೆ. ಅವರನ್ನೇ ಕೇಳಿ."

ಮೇಡಂ ಎಂದರೆ ಪ್ರಕಾಶಕಿ, ಅವನ ಸ್ವಂತ ಅಕ್ಕ. ಅವಳು ಆಗಲೇ ಬಾಗಿಲಲ್ಲಿ ನಿಂತಿದ್ದಳು.

"ಗೊತ್ತಿದ್ದೂ ಒಪ್ಪಿದ್ಯಾ ಅಕ್ಕ?"

"ಗೊತ್ತಿದ್ದೇ ಒಪ್ಪಿದೆ. ಪುಸ್ತಕದಲ್ಲಾದ್ರೂ ನಮ್ಮ ಮನೆಯವಳ ಹಾಗೆ ಕಾಣ್ಲಿ."

ಮೇಸ್ತ್ರಿ ತಲೆ ತಗ್ಗಿಸಿ, ಒರೆಸಿದ ಕೈಯನ್ನೇ ಮತ್ತೆ ಒರೆಸತೊಡಗಿದ.

ತಿಂಗಳುಗಟ್ಟಲೆ ಮಗಳು ಚಿತ್ರಕಾರನ ಮೇಜಿನ ಪಕ್ಕ ನಿಂತು, ಬಣ್ಣದ ತಟ್ಟೆಗೆ ತನ್ನ ಮುಂಗೈ ಹಿಡಿದು, "ಇನ್ನೂ ಸ್ವಲ್ಪ ಕಂದು ಹಾಕಪ್ಪ," ಎಂದು ಜಬರ್ದಸ್ತು ಮಾಡಿದ್ದಳು. ಅವಳು ಸರಿ ಎನ್ನುವವರೆಗೆ ಕುಂಚ ಕಾಗದ ಮುಟ್ಟುತ್ತಿರಲಿಲ್ಲ. ಈಗ ಅವಳ ಕೈಗೆ ಇದನ್ನು ಕೊಡಬೇಕಿತ್ತು.

"ಆರು ವರ್ಷ ಆಯ್ತು ಅವಳು ಬಂದು," ಎಂದ ಅಕ್ಕನಿಗೆ. "ಒಂದು ದಿನ ಎತ್ಕೊಂಡಿದೀಯಾ?"

"ಉಪದೇಶ ಮನೇಲಿಟ್ಕೋ. ನಿನಗೆ ಬುದ್ಧಿ ಹೇಳಿ ಹೇಳಿ ನನ್ನ ಬಾಯಿ ಒಣಗ್ತು, ನೀನು ಕೇಳಿದ್ಯಾ? ಹಾಳೆ ಮೇಲೆ ಒಪ್ಪಿಗೆ ಸಹಿ ಹಾಕು. ಇಲ್ದಿದ್ರೆ ಪುಸ್ತಕ ನಿಂತುಹೋಗುತ್ತೆ, ನಿನ್ನ ಒಂದು ವರ್ಷದ ದುಡಿಮೆ ಮಣ್ಣುಪಾಲು."

ಚಿತ್ರಕಾರ ಮೇಸ್ತ್ರಿಯ ಕಿವಿಯ ಮೇಲಿದ್ದ ಕೆಂಪು ಪೆನ್ಸಿಲನ್ನು ಕಿತ್ತುಕೊಂಡು, ಹಾಳೆಗೆ ಮೂಲೆಯಿಂದ ಮೂಲೆಗೆ ಗೀಟು ಎಳೆದ.

"ನಿಂತುಹೋಗ್ಲಿ."

"ಪುಸ್ತಕಕ್ಕೆ ಕಾಯ್ತಾ ಕೂತಿರೋಳಿಗೆ ಏನು ಹೇಳ್ತೀಯ?"

"ನಿನ್ನ ಬಣ್ಣ ಅತ್ತೆಗೆ ಹಿಡಿಸ್ಲಿಲ್ಲ ಅಂತೀನಿ. ಇದ್ದದ್ದು ಇದ್ದ ಹಾಗೆ."

ಅಕ್ಕ ಬಾಗಿಲು ಬಿಟ್ಟು ಮೇಜಿನ ಹತ್ತಿರ ಬಂದಳು. "ಮಗು ಹತ್ರ ಹಾಗೆಲ್ಲ ಹೇಳಬಾರದು."

"ಇಲ್ಲಿ ಹೇಳಬಹುದು, ಅವಳ ಮುಂದೆ ಬೇಡ. ಅಲ್ವಾ? ಹಾಗಾದ್ರೆ ಬಾ, ನೀನೇ ಏನಾದ್ರೂ ಸುಳ್ಳು ಜೋಡಿಸಿ ಹೇಳು. ನಾನು ಪಕ್ಕದಲ್ಲಿರ್ತೀನಿ."

ಆ ಮಗುವಿನ ಎದುರು ನಿಲ್ಲುವುದು ಅವಳಿಗೆ ಬೇಕಿರಲಿಲ್ಲ; ಹಾಳೆಯನ್ನು ಪಕ್ಕಕ್ಕೆ ತಳ್ಳಿದಳು. ಮೇಸ್ತ್ರಿಯ ಕಡೆ ತಿರುಗಿ, "ಹಳೇದನ್ನೇ ಹಾಕಿ," ಎಂದಳು. ತಮ್ಮನನ್ನು ನೋಡಲಿಲ್ಲ. "ಇದೇ ಕೊನೆ. ಇನ್ನು ನಿನ್ನ ಮನೆ ಮೆಟ್ಟಿಲು ನಾನು ತುಳಿಯಲ್ಲ."

"ಇಷ್ಟು ದಿನ ನೀನು ತುಳಿದು ಸವೆಸಿಬಿಟ್ಟಿದ್ದೆ ನೋಡು."

ಅವಳು ಹೋದ ಮೇಲೆ ಮೇಸ್ತ್ರಿ ಗೊಣಗುತ್ತಲೇ ಪ್ಲೇಟು ಬದಲಿಸಿದ. "ಜನ ಬೈದ್ರೆ ನನ್ನ ಹೆಸರು ಎತ್ಬೇಡಿ."

ಚಿತ್ರಕಾರ ಒಂದು ಕುರ್ಚಿ ಎಳೆದು ಯಂತ್ರದ ಬಾಯಿಗೇ ಹಾಕಿಕೊಂಡು ಕುಳಿತ. ಈ ಕಟ್ಟಡದಲ್ಲಿ ಯಾರನ್ನೂ ನಂಬುವಂತಿರಲಿಲ್ಲ. ಕೊನೆಯ ಹಾಳೆ ಬೀಳುವವರೆಗೂ ಅವನು ಏಳಲಿಲ್ಲ.